ಅಜ್ಜಾರ ಲಾಂಛನ ಬರೆದ ಪಾಪ

ನಾನು ಜೀವನದಲ್ಲಿ ಮಾಡಿದ ತಪ್ಪುಗಳನ್ನು ಸಾಮಾನ್ಯವಾಗಿ ಯಾರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲ. ಇದೊಂದನ್ನು ಮಾತ್ರ ತೂಗುಹಾಕಿದ್ದಾರೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮಿರ್ಚಿ ಭಜಿಯ ಗಾಡಿಗಳನ್ನು ದಾಟಿ, ದಾಟುವ ಮನಸ್ಸಾದರೆ ಎಡಕ್ಕೆ ಹೊರಳಿದರೆ ಒಂದು ಮಠದ ಕಮಾನು ಕಾಣುತ್ತದೆ. ಕಮಾನಿನ ನೆತ್ತಿಯಲ್ಲಿ ಕೆಂಪು ಬಿಳಿ ಬಣ್ಣದ ಗುರಾಣಿ, ಅದರ ಎರಡೂ ಕಡೆ ರುದ್ರಾಕ್ಷಿ ಸರ. ಗುರಾಣಿಯೊಳಗೆ ಆನೆ, ಕೋಟೆ, ಗುಡ್ಡ, ಜೋಳದ ತೆನೆ, ಸೂರ್ಯನ ಕಿರಣ, ಎಲ್ಲಕ್ಕಿಂತ ಕೆಳಗೆ ಮಗ್ಗದ ಒಂದು ಲಾಳಿ. ಅದರಡಿಗೆ ಯಾರಿಗೂ ಅರ್ಥವಾಗದ ಒಂದು ಸಾಲು ಸಂಸ್ಕೃತ. ಇದೇ ಚಿತ್ರ ಮಠದ ಪತ್ರದ ತಲೆಯ ಮೇಲಿದೆ, ಕಾರಿನ ಹಿಂದಿನ ಗಾಜಿನ ಮೇಲಿದೆ, ಪ್ರಸಾದದ ತಾಟಿನ ತಳದಲ್ಲಿಯೂ ಇದೆ. ಹುಗ್ಗಿ ಉಂಡು ಮುಗಿಸಿದವನಿಗೆ ಕೊನೆಗೆ ಆಗುವ ದರ್ಶನ ಅದರದೇ. ಅದನ್ನು ಬರೆದವನು ನಾನು.

ಮಠದ ಹೆಸರು ಹೇಳುವುದಿಲ್ಲ. ನಾನು ಇನ್ನೂ ಆ ಓಣಿಯಲ್ಲೇ ಓಡಾಡಬೇಕು, ಸೋಮವಾರದ ಹುಗ್ಗಿ ನನಗೆ ಇನ್ನೂ ಬೇಕು.

ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದಿಂದ ತಪ್ಪಿಸಿಕೊಳ್ಳಲೆಂದೇ ಪೆನ್ಸಿಲು ಹಿಡಿದವನು. ಲಾಂಛನದ ವಿಷಯದಲ್ಲಿ ನನ್ನ ಚರಿತ್ರೆ ಮೊದಲೇ ಶುದ್ಧವಿರಲಿಲ್ಲ. ನಾನು ಕಲಿಸುತ್ತಿದ್ದ ಶಾಲೆಗೆ ಒಂದು ಲಾಂಛನ ಬರೆದುಕೊಟ್ಟಿದ್ದೆ: ತೆರೆದ ಪುಸ್ತಕ, ಅದರ ಮೇಲೆ ಜ್ಞಾನದ ದೀಪ. ದೀಪದ ಮೂಗು ಸ್ವಲ್ಪ ಉದ್ದವಾಯಿತು, ಹಿಂದೆ ಹಿಡಿಕೆಯೊಂದು ಬಂತು. ಇಷ್ಟು ವರ್ಷ ಮಕ್ಕಳು ಪುಸ್ತಕದ ಮೇಲಿಟ್ಟ ಚಹಾದ ಕಿಟ್ಲಿಗೆ ಕೈಮುಗಿದು ಪ್ರಾರ್ಥನೆ ಹೇಳಿದರು. ಯಾರೂ ತಕರಾರು ತೆಗೆಯಲಿಲ್ಲ. ಶಿಕ್ಷಕರ ಕೋಣೆಯಲ್ಲಿ ನಿಜವಾಗಿ ಉರಿಯುತ್ತಿದ್ದದ್ದು ಅದೊಂದೇ ಎಂದು ಅವರಿಗೂ ಗೊತ್ತಿತ್ತು.

ಇನ್ನು ಅಜ್ಜಾರ ವಿಷಯ. ನಮ್ಮ ಕಡೆ ಮಠದ ಸ್ವಾಮಿಗಳಿಗೆ ಅಜ್ಜಾರು ಎನ್ನುತ್ತೇವೆ. ಈ ಮಾತಿಗೂ ವಯಸ್ಸಿಗೂ ಸಂಬಂಧವಿಲ್ಲ. ನಮ್ಮ ಈಗಿನ ಅಜ್ಜಾರಿಗೆ ಮೂವತ್ತೆರಡು. ಎಂಬತ್ತು ದಾಟಿದ ಮುದುಕರು ಬಂದು, ಮೊಣಕಾಲು ಹಿಡಿದುಕೊಂಡು ಬಗ್ಗಿ, ಈ ಹುಡುಗನಿಗೆ “ಆಶೀರ್ವಾದ ಮಾಡ್ರಿ ಅಜ್ಜಾರ” ಎನ್ನುವುದನ್ನು ನೋಡಿದರೆ ಕಾಲವೇ ತಲೆಕೆಳಗಾಗಿ ನಿಂತಂತೆ ಕಾಣುತ್ತದೆ. ಹುಡುಗ ಕೆಟ್ಟವನಲ್ಲ, ಬುದ್ಧಿವಂತ, ಧ್ವನಿಯೂ ಚೆನ್ನಾಗಿದೆ. ಪಟ್ಟಕ್ಕೆ ಬಂದ ದಿನ ಮನೆ ಬಿಟ್ಟರು, ಮನೆತನದ ಹೆಸರು ಬಿಟ್ಟರು, ಕೊನೆಗೆ ‘ನಾನು’ ಎಂಬುದನ್ನೂ ಬಿಟ್ಟರು. ಬಿಟ್ಟ ಜಾಗದಲ್ಲಿ ‘ನಾವು’ ಬಂದು ಕೂತಿತು. ಈಗ “ನಾವು ಚಹಾ ಕುಡಿಯೂದಿಲ್ಲ” ಎನ್ನುತ್ತಾರೆ, ಜೊತೆಗಿದ್ದವರಿಗೂ ಚಹಾ ತಪ್ಪುತ್ತದೆ.

ಇಂಥ ಅಜ್ಜಾರು ಕಳೆದ ವರ್ಷ ಒಂದು ಸರ್ವಧರ್ಮ ಸಮ್ಮೇಳನಕ್ಕೆ ಹೋದರು. ಅಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಬಿಷಪ್ ಕೂತಿದ್ದರಂತೆ. ಧರ್ಮ ಧರ್ಮಗಳ ನಡುವೆ ಏನೇನು ವಿನಿಮಯವಾಯಿತೋ ನನಗೆ ಗೊತ್ತಿಲ್ಲ. ನಮ್ಮ ಅಜ್ಜಾರು ಮಾತ್ರ ಬಿಷಪ್ಪರು ಕೊಟ್ಟ ಒಂದು ಕಾರ್ಡನ್ನು ಮಡಚದೆ, ಪುಸ್ತಕದೊಳಗಿಟ್ಟುಕೊಂಡು ಊರಿಗೆ ತಂದರು. ಮರುದಿನ ನನಗೆ ಕರೆ ಬಂತು.

“ಮಾಸ್ತರ, ಇದನ್ನ ನೋಡ್ರಿ,” ಅಂದರು. ಕಾರ್ಡಿನ ಮೇಲೆ ಒಂದು ಗುರಾಣಿ, ಗುರಾಣಿಯ ಮೇಲೆ ಅಗಲ ಅಂಚಿನ ಹಸಿರು ಟೊಪ್ಪಿಗೆ, ಟೊಪ್ಪಿಗೆಯಿಂದ ಎರಡೂ ಕಡೆ ಇಳಿಬಿದ್ದ ಗೊಂಡೆಗಳು. “ಒಂದೊಂದು ಕಡೆ ಆರಾರು ಗೊಂಡೆ ಅದಾವ. ನಾವು ಎಣಿಸೇವಿ.”

“ಅದು ಅವರವರ ಪದವಿಗೆ ತಕ್ಕಂಗ ಇರತಾವಂತ್ರಿ ಅಜ್ಜಾರ. ದೊಡ್ಡವರಿಗೆ ಹೆಚ್ಚು.”

ಅಜ್ಜಾರು ಕಾರ್ಯದರ್ಶಿ ಚನ್ನಪ್ಪನವರ ಕಡೆ ನೋಡಿದರು. ಚನ್ನಪ್ಪನವರಿಗೆ ಪೇಟೆಯಲ್ಲಿ ಪಾತ್ರೆ ಭಾಂಡೆಯ ಅಂಗಡಿ. ಮಠದಲ್ಲಿ ಅಜ್ಜಾರ ಮನಸ್ಸಿನಲ್ಲಿರುವುದನ್ನು ಅವರಿಗಿಂತ ಮೊದಲು ಹೌದೆನ್ನುವ ಕೆಲಸ. “ಖರೇ ಐತ್ರಿ ಅಜ್ಜಾರ,” ಅಂದರು.

“ನಮಗೂ ಇಂಥಾದೊಂದು ಆಗಬೇಕು. ಗೊಂಡೆ ಬ್ಯಾಡ, ರುದ್ರಾಕ್ಷಿ ಸರ ಇಳೀಬಿಡ್ರಿ. ಏಳೇಳು ಇರಲಿ.”

ಹೀಗೆ ಧರ್ಮಗಳ ನಡುವಿನ ಸೌಹಾರ್ದ ಒಂದು ಸರದಷ್ಟು ಮುಂದಕ್ಕೆ ಹೋಯಿತು.

ಮನೆಗೆ ಬಂದು ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆ. ಓದಿದವನ ಚಟ; ಉಪಯೋಗಕ್ಕೆ ಬರದ ವಿಷಯವಾದರೆ ನನಗೆ ಇನ್ನೂ ಹುರುಪು. ಪಶ್ಚಿಮದ ದೇಶಗಳಲ್ಲಿ ಕುದುರೆ ಏರಿ ಕಾದುವ ವೀರರು ಮುಖವೆಲ್ಲ ಕಬ್ಬಿಣದಿಂದ ಮುಚ್ಚಿಕೊಳ್ಳುತ್ತಿದ್ದರಂತೆ. ಒಳಗಿರುವವನು ತಮ್ಮವನೋ ಎದುರಾಳಿಯೋ ತಿಳಿಯದೆ ಹೊಡೆದುಬಿಟ್ಟರೆ ಕಷ್ಟವೆಂದು ಗುರಾಣಿಯ ಮೇಲೆ ಗುರುತು ಬರೆಸಿಕೊಂಡರು. ಮುಂದೆ ಪಾದ್ರಿಗಳಿಗೂ ಗುರುತು ಬೇಕೆನಿಸಿತು. ಅವರು ಕಾದುವವರಲ್ಲವಾದ್ದರಿಂದ ಕಬ್ಬಿಣದ ಶಿರಸ್ತ್ರಾಣ ತೆಗೆದು ಟೊಪ್ಪಿಗೆ ಇಟ್ಟರು, ಗುರಾಣಿಯನ್ನು ಹಾಗೆಯೇ ಉಳಿಸಿಕೊಂಡರು. ಅಂದರೆ ಲಾಂಛನ ಬೇಕಾದದ್ದು ಮುಖ ಮುಚ್ಚಿಕೊಂಡವನಿಗೆ. ನಮ್ಮ ಅಜ್ಜಾರ ಮುಖ ಊರಿನ ಪ್ರತಿ ಫ್ಲೆಕ್ಸಿನಲ್ಲೂ ಇದೆ, ಅದೂ ನಿಜಕ್ಕಿಂತ ಬೆಳ್ಳಗೆ. ಇನ್ನು ಗುರಾಣಿ ಯಾರ ಬಾಣಕ್ಕೆ? ಇದುವರೆಗೆ ಅವರ ಎದುರಿಗೆ ಬಂದವರೆಲ್ಲ ತೆಂಗಿನಕಾಯಿ ಹಿಡಿದು ಬಂದವರೇ.

ನಮ್ಮಲ್ಲೇನು ಲಾಂಛನ ಕಡಿಮೆಯಿತ್ತೆ? ಇಲ್ಲೇ ಮಗ್ಗುಲಲ್ಲಿ ಬಾದಾಮಿಯ ಚಾಲುಕ್ಯರು ವರಾಹವನ್ನು ಹಿಡಿದು ರಾಜ್ಯ ಆಳಿದರು. ವರಾಹವೆಂದರೆ ಲಾಂಛನ; ಹಂದಿ ಎಂದರೆ ನಾವು ಪುರಸಭೆಗೆ ಕೊಟ್ಟ ದೂರು. ಒಂದು ವಸ್ತು ಸಂಕೇತವಾಗಬೇಕಾದರೆ ಅದು ಮೊದಲು ಓಣಿ ಬಿಟ್ಟು ಹೋಗಬೇಕು, ಯಾರ ಕೈಗೂ ಕಾಲಿಗೂ ಸಿಗದಂತಾಗಬೇಕು ಎಂದು ಆಗಲೇ ನನಗೆ ಹೊಳೆದಿತ್ತು. ಹೊಳೆದದ್ದನ್ನು ಹೊಳೆದ ಹೊತ್ತಿಗೆ ಬಳಸುವ ಅಭ್ಯಾಸ ನನಗಿಲ್ಲ.

ಲಾಂಛನದ ಸುದ್ದಿ ಹಬ್ಬಿದ್ದೇ ತಡ, ಭಕ್ತರು ತಮ್ಮ ತಮ್ಮ ಊರನ್ನು ಅದರೊಳಗೆ ತೂರಿಸಲು ಬಂದರು. ನರಗುಂದದವರು ತಮ್ಮ ಗುಡ್ಡ ಬೇಕೆಂದರು. ಗಜೇಂದ್ರಗಡದವರು ನಮ್ಮ ಗುಡ್ಡವೇ ಇರುವಾಗ ಅವರದೇಕೆ ಎಂದರು. ಕೊನೆಗೆ ಯಾವ ಊರಿನದೆಂದು ಹೇಳಲಾಗದ ಮೂರು ಮೂಲೆಯ ಒಂದು ಗುಡ್ಡ ಬರೆದು ಇಬ್ಬರನ್ನೂ ಸಮಾಧಾನ ಮಾಡಿದೆ. ಲಕ್ಕಲಕಟ್ಟಿಯ ರೈತರು ಜೋಳದ ತೆನೆ ಹಾಕಿಸಿದರು. ರೋಣದವರಿಗೆ ಏನು ಬೇಕೆಂಬುದರ ಬಗ್ಗೆ ಅವರವರಲ್ಲೇ ಎರಡು ಪಂಗಡವಾಗಿ, ಅವರು ಇನ್ನೂ ತಿಳಿಸುವವರಿದ್ದಾರೆ. ಹೊಳೆಆಲೂರಿನ ಭಕ್ತರಿಗೆ, ನಿಮ್ಮ ಮಲಪ್ರಭೆಯನ್ನು ಗುರಾಣಿಯ ನಡುವೆ ಹರಿಸೋಣವೇ ಎಂದು ನಾನೇ ಕೇಳಿದೆ. ಅವರು ಎರಡೂ ಕೈ ಎತ್ತಿಬಿಟ್ಟರು. “ಹೊಳಿ ಒಂದು ಬ್ಯಾಡ್ರಿ ಸರ. ಕರೀಲಿಲ್ಲಂದ್ರೂ ಮನಿ ಒಳಗ ಬರತೈತಿ, ಇನ್ನ ಕರದ್ರ ಹ್ಯಾಂಗ?”

ಅಜ್ಜಾರಿಗೆ ಸಿಂಹದ ಮೇಲೆ ಆಸೆಯಿತ್ತು. ನಮ್ಮ ಗುಡ್ಡದಲ್ಲಿ ಸಿಂಹವಿಲ್ಲ, ಇದ್ದರೆ ತೋಳ ಇರಬಹುದು ಎಂದೆ. ತೋಳದ ಬಗ್ಗೆ ಒಂದು ಗಳಿಗೆ ಯೋಚಿಸಿ, ಆನೆಗೆ ಬಂದರು. ಊರಿನ ಹೆಸರಿನಲ್ಲೇ ಗಜೇಂದ್ರ ಇರುವಾಗ ಆನೆಗೆ ತಕರಾರಿಲ್ಲ. ಬಣ್ಣ ಕೆಂಪು ಮತ್ತು ಬಿಳಿ: ಕೆಂಪು ತೇಜಸ್ಸಿಗೆ, ಬಿಳಿ ಶುದ್ಧಿಗೆ. ಬುಡದ ಮಾತು ಸಂಸ್ಕೃತದಲ್ಲಿರಬೇಕು. “ತಿಳೀಬಾರದು, ಆದ್ರ ಚಲೋ ಅನಸಬೇಕು,” ಎಂಬುದು ಚನ್ನಪ್ಪನವರ ಸೂಚನೆ.

ಕರಡು ತೋರಿಸಿದ ದಿನ ಅಜ್ಜಾರು ಆನೆಯ ಸೊಂಡಿಲ ಕೆಳಗೆ ಬೆರಳಿಟ್ಟರು. “ಇಲ್ಲೊಂದು ಗೆರಿ ಬಗ್ಗಿ ಬಂದೈತಲ್ಲ, ಇದರ ಅರ್ಥ ಏನ್ರಿ?”

ಹೆಂಡತಿ ಚಹಾಕ್ಕೆ ಕೂಗಿದಾಗ ಪೆನ್ಸಿಲು ಜಾರಿದ ಗೆರೆ ಅದು. “ವಿನಯ ರೀ ಅಜ್ಜಾರ,” ಅಂದೆ.

“ಚಲೋ ಐತಿ. ಅದನ್ನ ಇನ್ನೊಂದೀಟು ದೊಡ್ಡದು ಮಾಡ್ರಿ.”

ನಾನು ವಿನಯವನ್ನು ದೊಡ್ಡದು ಮಾಡುತ್ತಿದ್ದಾಗ ಅಜ್ಜಾರು ಮುಂದುವರಿಸಿದರು. “ಎಲ್ಲಾದರ ಕೆಳಗ ಒಂದು ಲಾಳಿ ಇರಲಿ. ಕಾಯಕದ ಸಂಕೇತ. ಊರಾಗ ನೇಕಾರ ಮಂದಿ ಭಾಳ ಅದಾರ.” ಅದೇ ಉಸಿರಿಗೆ ಚನ್ನಪ್ಪನವರು ಅಂದರು: “ಅಂದಂಗ ಮಾಸ್ತರ, ಹಿಂದಿನ ಪಡಸಾಲಿಗೆ ಗ್ರಾನೈಟ್ ಹಾಕಸೂದೈತಿ. ಅಲ್ಲೇ ಗ್ವಾಡಿ ತುಂಬ ಈ ಲಾಂಛನ. ದರ್ಶನ ಮಂದಿರ ಅಂತ. ನಿಮ್ಮ ಅಕ್ಕಾರಿಗೆ ಒಂದು ಮಾತು ಹೇಳಿಬಿಡ್ರಿ, ಕಾರ್ಯಕ್ರಮ ಮುಗದ ಮ್ಯಾಲ ಮಗ್ಗ ತಗೀಬೇಕಾಗತೈತಿ.”

ನಾನು “ಹೌದ್ರಿ” ಅಂದೆ. ಲಾಳಿಯ ತುದಿಗೆ ನೆರಳು ಕೊಡುತ್ತಿದ್ದೆ, ಕೈ ನಿಲ್ಲಲಿಲ್ಲ. ಇಷ್ಟು ವರ್ಷ ಹೆಡ್‌ಮಾಸ್ತರರ ಮುಂದೆ ಹೌದ್ರಿ ಅಂದು ಅಂದು ಪಳಗಿದ ನಾಲಿಗೆ; ನನ್ನನ್ನು ಕೇಳಿ ಮಾತಾಡುವ ರೂಢಿ ಅದಕ್ಕಿಲ್ಲ.

ಆ ಪಡಸಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ನೇಯುತ್ತಿರುವವಳು ನನ್ನ ಅಕ್ಕ ಗಂಗವ್ವ. ಅವಳದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವಂಥದ್ದು. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು ಒಂದು ಅಡುಗೆ ಕೋಣೆ. ಅದರಲ್ಲಿ ಒಲೆ ಹಿಡಿಸಿದರೆ ಅವಳು ಹಿಡಿಸುತ್ತಿರಲಿಲ್ಲ, ಇನ್ನು ಮಗ್ಗವೆಲ್ಲಿ. ಆಗಿನ ಹಿರಿಯ ಅಜ್ಜಾರು ಕರೆದು, “ಪಡಸಾಲಿ ಖಾಲಿ ಬಿದ್ದೈತಿ. ಅಲ್ಲೇ ಕುಣಿ ತೋಡ್ಕೋ ಹೋಗವಾ” ಎಂದಿದ್ದರು. ಕಾಗದವಿಲ್ಲ ಪತ್ರವಿಲ್ಲ. ಆ ಹಿರಿಯರಿಗೆ ಲಾಂಛನವೆಂದರೆ ಅವರ ಕೆಮ್ಮು. ಓಣಿಯ ತುದಿಯಲ್ಲಿ ಅದು ಕೇಳಿಸಿದರೆ ಗೋಲಿ ಆಡುತ್ತಿದ್ದವರು ಎದ್ದು ನಿಲ್ಲುತ್ತಿದ್ದರು.

ಅಕ್ಕನಿಗೆ ಈಗ ಅರವತ್ತೆಂಟು. ಮಗನ ಮನೆಯಲ್ಲಿ ಆರಾಮಾಗಿ ಕೂತು ಟಿ.ವಿ. ನೋಡು ಎಂದರೆ ಜ್ವರ ಬಂದವರ ಹಾಗೆ ಆಗುತ್ತಾಳೆ. ನನ್ನ ಮನೆಗೆ ಕರೆಯೋಣವೆಂದರೆ ನಾವಿರುವುದು ಬಾಡಿಗೆಯ ಮೊದಲ ಮಹಡಿಯಲ್ಲಿ. ಅಲ್ಲಿ ಕುಣಿ ತೋಡಿದರೆ ಕೆಳಗಿನ ಮನೆಯವರ ತಲೆಯ ಮೇಲೆ ಅಕ್ಕನ ಕಾಲು ಇಳಿಯುತ್ತವೆ. ಪಡಸಾಲೆಯ ಕುಣಿ ಹೋದರೆ ಅವಳ ನೇಯ್ಗೆ ಅಲ್ಲಿಗೆ ಮುಗಿದ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೌದ್ರಿ ಅಂದಿದ್ದೆ.

ಸುದ್ದಿ ಹೇಳಲು ಹೋದಾಗ ಅವಳು ನೇಯುತ್ತಲೇ ಕೇಳಿದಳು.

“ಚಿತ್ರದಾಗ ಲಾಳಿ ಬರದೀಯಂತ?”

“ಹ್ಞೂಂ.”

“ಮಗ್ಗ ತಗೀ ಅಂದಾರಂತ?”

“ಹ್ಞೂಂ.”

“ನೀ ಏನಂದಿ?”

“ಹೌದ್ರಿ ಅಂದೆ.”

ಅಕ್ಕ ಲಾಳಿಯನ್ನು ಆ ಕಡೆ ಕಳಿಸಿದಳು, ಈ ಕಡೆ ಕಳಿಸಿದಳು. “ನೀ ಸಣ್ಣಾಂವ ಇದ್ದಾಗಿಂದ ಚಿತ್ರ ಚಲೋ ತಗೀತಿದ್ದಿ ತಮ್ಮಾ. ಮಾತು ಬರ್ತಿದ್ದಿಲ್ಲ,” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟರಲ್ಲಿ ಅಜ್ಜಾರಿಗೆ ಇನ್ನೊಂದು ಯೋಚನೆ ಬಂದಿತ್ತು. ಲಾಂಛನದ ಅನಾವರಣದ ದಿನ ಅದೇ ಲಾಂಛನವಿರುವ ಶಾಲು ಹೊದೆಯಬೇಕು. ವಿದ್ಯುತ್ ಮಗ್ಗದವರನ್ನು ಕೇಳಿದರೆ, ಒಂದೇ ಒಂದು ಶಾಲಿಗಾಗಿ ಯಂತ್ರ ಹೂಡುವುದಿಲ್ಲ, ಇನ್ನೂರಾದರೆ ನೋಡೋಣ ಎಂದರಂತೆ. ಸರಿ, ಕೆಲಸ ಅಕ್ಕನ ಬಳಿಗೇ ಬಂತು. “ಮಠದ ಮಗ್ಗದಾಗ ನೇದದ್ದು ಅಂತ ಭಾಷಣದಾಗ ಹೇಳಾಕೂ ಬರತೈತಿ,” ಎಂದರು ಚನ್ನಪ್ಪನವರು. ತೆಗೆಸಬೇಕಾದ ಮಗ್ಗದ ಬಗ್ಗೆ ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಚಿತ್ರದ ಹಾಳೆಯನ್ನು ನಾನೇ ಒಯ್ದು ಕೊಟ್ಟೆ. ಅಕ್ಕ ಅದನ್ನು ಬೆಳಕಿಗೆ ಹಿಡಿದಳು, ತಲೆಕೆಳಗು ಮಾಡಿದಳು, ಮೊಳ ಹಾಕಿದಳು. “ಆನಿ ಗೀನಿ ಕಸೂತಿ ಹಾಕಾವ್ರ ಕೆಲಸ. ಅದಕ್ಕ ನನ್ನ ಮಗ್ಗದಾಗ ಸಾಮಾನಿಲ್ಲ. ಉಳದದ್ದು ನನಗ ಬಂದಂಗ ನೇಯತೀನಿ, ನಡದೀತ?” ಅಂದಳು. ನಡೆದೀತು ಎಂದೆ. ಅವಳಿಗೆ ಬಂದ ಹಾಗೆ ಎಂದರೆ ಹೇಗೆ ಎಂದು ಕೇಳಲಿಲ್ಲ. ಕೇಳಲು ಮುಖವೂ ಇರಲಿಲ್ಲ. ಹದಿನೈದು ದಿನದಲ್ಲಿ ಶಾಲು ತಯಾರಾಯಿತು. ಚನ್ನಪ್ಪನವರು ಮಡಿಕೆ ಬಿಚ್ಚದೆ ಪೂಜೆಯ ಕೋಣೆಯಲ್ಲಿಟ್ಟು, ಮೇಲೆ ಒಂದು ಹೂವಿಟ್ಟರು.

ಅನಾವರಣದ ದಿನ ಬೆಳಿಗ್ಗೆ ಮಠದ ಅಂಗಳ ತುಂಬಿತ್ತು. ಬಲಗಡೆ ಹೆಣ್ಣುಮಕ್ಕಳು. ನಮ್ಮ ಕಡೆ ಅಜ್ಜಾರ ಮುಂದೆ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಹೊತ್ತೇ ಕೂಡುವುದು. ಆ ಸೆರಗುಗಳಿಂದ ಮುಂದಿನ ಹತ್ತು ಸಾಲುಗಳೂ ಕೆಂಪಗೆ ಕಾಣುತ್ತಿದ್ದವು. ವೇದಿಕೆಯ ಮೇಲೆ ಲಾಂಛನದ ಅರ್ಥ ಬಿಡಿಸಲು ಧಾರವಾಡದಿಂದ ಬಂದ ಒಬ್ಬ ವಿದ್ವಾಂಸರು. ಪರದೆ ಸರಿಯಿತು, ಚಪ್ಪಾಳೆಯಾಯಿತು. ಚನ್ನಪ್ಪನವರು ಶಾಲಿನ ಮಡಿಕೆ ಬಿಚ್ಚಿ ಅಜ್ಜಾರ ಹೆಗಲ ಮೇಲೆ ಹೊದಿಸಿದರು.

ಬಲಗಡೆಯಿಂದ ಮುಸಿಮುಸಿ ನಗು ಶುರುವಾಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ಕಿವಿ ಮಂದವಿರಬೇಕು, ಪಕ್ಕದವಳ ಕಿವಿಯಲ್ಲಿ ಹೇಳುವ ಮಾತನ್ನು ಇಡೀ ಅಂಗಳಕ್ಕೆ ಹೇಳಿದಳು: “ಯವ್ವಾ, ಅಜ್ಜಾರು ಸೆರಗ ಹೊತ್ತಾರ ನೋಡ!”

ನೋಡಿದೆ. ಅಪ್ಪಟ ಗಜೇಂದ್ರಗಡದ ಸೀರೆಯ ಸೆರಗು. ಕೆಂಪು ನೆಲ, ಬಿಳಿ ಎಳೆ. ಅಂಚಿನಲ್ಲಿ ಹಣಿಗೆಯ ಹಲ್ಲಿನಂಥ ಸಾಲು, ಅದರ ಮೇಲೆ ಕೋಟೆಯ ತೆನೆ ತೆನೆ ಗೋಡೆ, ಅದರ ಮೇಲೆ ಜೋಳದ ತೆನೆ, ಕೊನೆಗೆ ಮೂರು ಮೂಲೆಯ ಗುಡ್ಡ. ಹಣಿಗಿ, ಕೋಟಿಕೊಮ್ಮಿ, ತೋಪತೆನಿ, ರಾಂಪ ಎಂದು ನಮ್ಮವ್ವ ನೇಯುತ್ತಾ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದ ನಾಲ್ಕೂ ಅಲ್ಲಿದ್ದವು. ಅಕ್ಕ ಏನನ್ನೂ ತಪ್ಪು ನೇಯ್ದಿರಲಿಲ್ಲ. ನಾನು ಬರೆದದ್ದೇ ಅದು. ಪಾದ್ರಿಗಳ ಟೊಪ್ಪಿಗೆಯಿಂದ ಹಿಡಿದು ಚಾಲುಕ್ಯರ ವರಾಹದವರೆಗೆ ತಲೆ ತಿರುಗಾಡಿ ಬಂದಿತ್ತು; ಕೈ ಮಾತ್ರ ಎಲ್ಲಿಯೂ ಹೋಗದೆ ಅವ್ವನ ಮಗ್ಗದ ಮಗ್ಗುಲಲ್ಲೇ ಕೂತು ಸೆರಗು ಬರೆದಿತ್ತು. ನಾನು ಸೂರ್ಯಕಿರಣವೆಂದು ಬರೆದದ್ದನ್ನು ನೇಕಾರ್ತಿಯೊಬ್ಬಳು ಹಣಿಗೆ ಎಂದು ಓದಿದರೆ ಅದು ಓದಿದವಳ ತಪ್ಪಲ್ಲ.

ವಿದ್ವಾಂಸರು ಹೆಣ್ಣುಮಕ್ಕಳ ಕಡೆ ನೋಡದೆ ಭಾಷಣ ಮುಂದುವರಿಸಿದರು. “ಈ ಕೋಟೆಯು ಇಂದ್ರಿಯನಿಗ್ರಹದ ಪ್ರತೀಕ,” ಎಂದಾಗ ಹಿಂದಿನ ಸಾಲಿನ ಸೊಸೆಯೊಬ್ಬಳು ತನ್ನ ಸೆರಗಿನ ಅದೇ ಜಾಗವನ್ನು ಅತ್ತೆಗೆ ತೋರಿಸಿ ನಕ್ಕಳು. ಅಷ್ಟರಲ್ಲಿ ಗಾಳಿ ಬೀಸಿ ಶಾಲು ಜಾರಿತು. ಅಜ್ಜಾರು ಅದನ್ನು ಹಿಡಿದು, ನೆತ್ತಿಯ ಮೇಲೆ ಎಳೆದು, ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಹತ್ತೂ ಸಾಲಿನ ಹೆಣ್ಣುಮಕ್ಕಳು ದಿನಕ್ಕೆ ಇಪ್ಪತ್ತು ಸಲ ಮಾಡುವ ಹಾಗೆಯೇ. ಆಮೇಲೆ ನಗು ತಡೆಯುವುದು ಯಾರಿಂದಲೂ ಆಗಲಿಲ್ಲ. ಗಂಡಸರು ನಕ್ಕರು, ಧ್ವನಿವರ್ಧಕದವನು ನಕ್ಕ, ವಿದ್ವಾಂಸರು ನೀರು ಕುಡಿದರು. ನಾನು ನಗಲಿಲ್ಲ. ಎರಡನೇ ಸಾಲಿನ ಕೊನೆಯಲ್ಲಿ ಕೂತಿದ್ದ ಅಕ್ಕನ ಮುಖ ನೋಡುತ್ತಿದ್ದೆ. ಅವಳೂ ನಗುತ್ತಿರಲಿಲ್ಲ. ಶಾಲಿನ ಅಂಚು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ಪರೀಕ್ಷಿಸುತ್ತಿದ್ದಳು.

ಊಟ ಮುಗಿಯುವ ಮೊದಲೇ ಒಳಕ್ಕೆ ಕರೆ ಬಂತು. ಅಜ್ಜಾರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಶಾಲು ಮೂಲೆಯ ಕುರ್ಚಿಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಚನ್ನಪ್ಪನವರು ಇಬ್ಬರ ಪಾಲಿನ ಮಾತನ್ನೂ ಆಡಿದರು. “ಮಂದಿ ಮುಂದ ಮರ್ಯಾದಿ ಕಳದಳ್ರಿ ನಿಮ್ಮಕ್ಕ. ನಾಳೆ ಬೆಳಗಾಗೂದ್ರೊಳಗ ಮಗ್ಗ ಹೊರಗಿರಬೇಕು.”

ಆಗ ನನ್ನ ನಾಲಿಗೆ, ದೇವರಾಣೆ, ಹೌದ್ರಿ ಎನ್ನಲು ಬಾಯಿ ತೆರೆದಿತ್ತು. ಆದರೆ ಅಕ್ಕನ ಮೇಲೆ ತಪ್ಪು ಹೊರಿಸಿದ್ದನ್ನು ನನಗೆ ಸಹಿಸಲಾಗಲಿಲ್ಲ.

“ಆಕಿ ತಪ್ಪಲ್ರಿ,” ಅಂದೆ. “ಸೆರಗು ಬರದಾಂವ ನಾನು. ಕಮಾನಿನ ಮ್ಯಾಲ ಐತಲ್ಲ, ಅದೂ ಸೆರಗ. ಕಾರಿನ ಮ್ಯಾಲಿಂದೂ ಸೆರಗ. ತಾಟಿನಾಗಿಂದೂ ಅದ.” ಚನ್ನಪ್ಪನವರ ಮುಖ ಬಿಳಿಚಿಕೊಂಡಿತು, ತಾಟುಗಳು ಅವರ ಅಂಗಡಿಯಿಂದಲೇ ಬಂದಿದ್ದವು. ನನಗೆ ಧೈರ್ಯ ಬಂತು. “ಇನ್ನೊಂದು ಮಾತ್ರಿ ಅಜ್ಜಾರ. ಲಾಂಛನದಾಗ ಲಾಳಿ ಐತಿ. ನಾಳೆ ಪೇಪರಿನವರು ಬಂದು, ಲಾಳಿ ಕಾಣತೈತಿ, ಮಗ್ಗ ಎಲ್ಲೈತ್ರಿ ಅಂತ ಕೇಳಿದ್ರ ಏನ್ ಹೇಳೂಣ್ರಿ?”

ಅಜ್ಜಾರು ಮುದ್ದೆಯಾದ ಶಾಲನ್ನು ಎತ್ತಿ ನಾಲ್ಕು ಮಡಿಕೆ ಮಾಡಿದರು. ಕೊನೆಗೆ, “ಮಗ್ಗ ಇರಲಿ,” ಅಂದರು.

ನಾನು ಹೊರಗೆ ಬಂದದ್ದು ನಡೆದೋ ಓಡಿಯೋ ನೆನಪಿಲ್ಲ. ಅರವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಒಬ್ಬ ದೊಡ್ಡ ಮನುಷ್ಯನ ಎದುರಿಗೆ ಪೂರ್ತಿ ವಾಕ್ಯ ಮಾತಾಡಿದ್ದೆ. ಅಕ್ಕನಿಗೆ ಹೇಳಿದೆ, ಹೆಂಡತಿಗೆ ಹೇಳಿದೆ, ಭಜಿಯ ಗಾಡಿಯವನಿಗೂ ಹೇಳಿದೆ. ಹೇಳಿದಷ್ಟೂ ಸಲ ನನ್ನ ಧ್ವನಿ ಇನ್ನಷ್ಟು ಗಟ್ಟಿಯಾಗುತ್ತಾ, ಅಜ್ಜಾರದು ಸಣ್ಣದಾಗುತ್ತಾ ಹೋಯಿತು.

ಗ್ರಾನೈಟ್ ಹಾಕುವವರು ಬಂದುದರಿಂದ ಅಕ್ಕ ಎಂಟು ದಿನ ಆ ಕಡೆ ಹೋಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಇಬ್ಬರೂ ಹೋದೆವು. ಪಡಸಾಲೆ ಕನ್ನಡಿಯಾಗಿತ್ತು. ಗೋಡೆಯ ತುಂಬ ನನ್ನ ಗುರಾಣಿ. ಮಾತು ತಪ್ಪಿರಲಿಲ್ಲ, ಅಕ್ಕನ ಮಗ್ಗ ಇದ್ದ ಜಾಗದಲ್ಲೇ ಇತ್ತು. ಅದಕ್ಕೆ ವಾರ್ನಿಷು ಹೊಡೆದಿದ್ದರು. ನಾಲ್ಕೂ ಮೂಲೆಗೆ ಹಿತ್ತಾಳೆಯ ಕಂಬ ನಿಲ್ಲಿಸಿ, ಕೆಂಪು ಮಖಮಲ್ಲಿನ ಹಗ್ಗ ಕಟ್ಟಿದ್ದರು. ಮುಂದೊಂದು ಬೋರ್ಡು: ‘ಕಾಯಕದ ಸಂಕೇತ. ದಯವಿಟ್ಟು ಮುಟ್ಟಬೇಡಿ.’

ನನ್ನ ಜಾಣತನ ನನಗೆ ಆಗ ತಿಳಿಯಿತು. ಮಗ್ಗ ಇರಲಿ ಎಂದು ವಾದಿಸಿದ್ದೆ. ನೇಯುವವಳು ಇರಲಿ ಎಂದು ಕೇಳಿರಲೇ ಇಲ್ಲ. ಮಗ್ಗವನ್ನು ಸಂಕೇತ ಮಾಡಿದ್ದೂ ನಾನೇ. ಕೈಕಾಲಿಗೆ ಸಿಗದ ಮೇಲೆ ತಾನೇ ಒಂದು ವಸ್ತು ಸಂಕೇತವಾಗುವುದು. ನನಗೆ ಅಕ್ಕನ ಕಡೆ ನೋಡುವುದಾಗಲಿಲ್ಲ.

ಅಕ್ಕ ಎರಡನೇ ಇಯತ್ತೆ ಓದಿದವಳು. ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿದಳು. “ಮು... ಟ್ಟ... ಬೇ... ಡಿ. ಯಾರಿಗೆ ಬರದಾರಪಾ ಇದನ್ನ?”

“ಎಲ್ಲಾರಿಗೂ ಅಕ್ಕಾ.”

“ಬಂದು ಹೋಗಾವ್ರಿಗೆ ಬರದಿರಬೇಕು. ನಾ ಏನ್ ಬಂದಾಕಿನ? ಇಲ್ಲೇ ಇದ್ದಾಕಿ.”

ಹಾಗೆಂದು ಮಖಮಲ್ಲಿನ ಹಗ್ಗವನ್ನು ಎರಡು ಬೆರಳಿನಿಂದ ಎತ್ತಿ, ತಲೆ ಬಗ್ಗಿಸಿ ಒಳಗೆ ಹೋದಳು. ಕುಣಿಯೊಳಗೆ ಕಾಲು ಇಳಿಬಿಟ್ಟಳು. ಅದನ್ನು ಮುಚ್ಚಿರಲಿಲ್ಲ, ಅದೊಂದು ಪುಣ್ಯ. ವಾರ್ನಿಷನ್ನು ಮುಟ್ಟಿ ನೋಡಿ, ಎಳೆ ಅಂಟುತ್ತವೆ ಎಂದು ಹೊಡೆದವನಿಗೆ ಎರಡು ಮಾತು ಅಂದಳು. ಹಿತ್ತಾಳೆಯ ಕಂಬ ಮಾತ್ರ ಅವಳಿಗೆ ಹಿಡಿಸಿತು. ನೂಲಿನ ಲಡಿ ತೂಗುಹಾಕಲು ಅಂಥದ್ದೊಂದು ಬೇಕೆಂದು ಅವಳು ಎಷ್ಟೋ ದಿನದಿಂದ ಅನ್ನುತ್ತಿದ್ದಳಂತೆ.

ಮಗ್ಗದ ಸದ್ದು ಕೇಳಿ ಚನ್ನಪ್ಪನವರು ಧಾವಿಸಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಜ್ಜಾರು ಬಂದರು, ಅವರ ಬೆನ್ನಿಗೆ ನರಗುಂದದಿಂದ ದರ್ಶನಕ್ಕೆ ಬಂದ ಇಪ್ಪತ್ತು ಮಂದಿ. ಅಷ್ಟು ಜನರ ಮುಂದೆ ಮುದುಕಿಯನ್ನು ಎಬ್ಬಿಸುವ ಹಾಗಿಲ್ಲ. ಅಜ್ಜಾರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕೈ ಚಾಚಿ ವಿವರಿಸಿದರು. “ಇದು ಕಾಯಕದ ಸಂಕೇತ.”

ಭಕ್ತರು ಕೈಮುಗಿದರು. ಕೆಲವರು ಮೊಬೈಲು ತೆಗೆದರು. ಒಬ್ಬ ಹೆಣ್ಣುಮಗಳು ಹಗ್ಗದ ಹತ್ತಿರ ಬಂದು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಕೇಳಿದಳು.

“ಇವ್ರೂ ಸಂಕೇತನ ಏನ್ರಿ ಅಜ್ಜಾರ?”

ಅಜ್ಜಾರು ನನ್ನ ಕಡೆ ನೋಡಿದರು. ಅರ್ಥ ಹೇಳುವವನು ನಾನಲ್ಲವೇ. ನಾನು ಗ್ರಾನೈಟು ನೋಡಿದೆ. ಅಕ್ಕ ನೂಲಿನಿಂದ ಕಣ್ಣು ಎತ್ತಲಿಲ್ಲ.

“ನಾ ಸಂಕೇತ ಅಲ್ರಿ ಯವ್ವಾ, ಗಂಗವ್ವ. ತುಸು ಸರದ ನಿಂದರ್ರಿ ಎಲ್ಲಾರೂ, ಎಳಿ ಕಾಣವಲ್ದು.”

ಮೊದಲು ಸರಿದು ನಿಂತವರು ಅಜ್ಜಾರು.